ಇರುವೆ ಕಚ್ಚಿದಾಗ: ಉರಿ ಯಾವುದು, ಅಲರ್ಜಿ ಯಾವುದು?

ಅಂಕೋಲೆಯ ಮಾವಿನ ತೋಪಿರಲಿ, ಶಿರಸಿಯ ಅಡಿಕೆ ತೋಟವಿರಲಿ, ಇರುವೆ ಕಚ್ಚದೆ ಕೊಯ್ಲು ಮುಗಿಯುವುದಿಲ್ಲ. ಬಹುತೇಕ ಕಡಿತಗಳು ಉರಿದು ತಣ್ಣಗಾಗುತ್ತವೆ. ಅಪರೂಪಕ್ಕೊಂದು ಪ್ರಾಣಕ್ಕೆ ಎರವಾಗುತ್ತದೆ. ಎರಡರ ವ್ಯತ್ಯಾಸ ಮನೆಮಂದಿಗೆಲ್ಲ ಗೊತ್ತಿರಬೇಕು.

ಮೊದಲು, ಕಚ್ಚಿದ ಇರುವೆ ಯಾವುದೆಂದು ನೋಡಿ. ಎಲೆ ಹೆಣೆದು ಮರದಲ್ಲಿ ಗೂಡು ಕಟ್ಟುವ, ಜೋಯಿಡಾದ ಕಡೆ ಚಟ್ನಿಯೂ ಆಗುವ ಕೆಂಪಿರುವೆ ಕೊಂಡಿಯಿಂದ ಚುಚ್ಚುವುದಿಲ್ಲ. ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿ ಬಾಗಿಸಿ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ನೆಲದ ಮಣ್ಣಿನಲ್ಲಿರುವ ಸಣ್ಣ ಬೆಂಕಿ ಇರುವೆಯ ರೀತಿ ಬೇರೆ. ಅದು ಚರ್ಮವನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಹಿಡಿತ ಬಿಡದೆ ಸುತ್ತ ತಿರುಗುತ್ತ ಕೊಂಡಿಯಿಂದ ಮತ್ತೆ ಮತ್ತೆ ಚುಚ್ಚುತ್ತದೆ. ಅದರ ವಿಷದ ಬಹುಪಾಲು ಆಲ್ಕಲಾಯ್ಡ್ ಎಂಬ ರಾಸಾಯನಿಕ. ಅದು ಜೀವಕೋಶಗಳನ್ನು ಘಾಸಿಗೊಳಿಸಿ, ಚರ್ಮದೊಳಗಿನ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳಿಂದ ಊತ, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬೀಳಿಸುತ್ತದೆ. ರಕ್ತನಾಳ ಹಿಗ್ಗಿ ಜಾಗ ಕೆಂಪಾಗುತ್ತದೆ, ದ್ರವ ಸೋರಿ ಊದಿಕೊಳ್ಳುತ್ತದೆ. ಮರುದಿನ ಕೀವು ತುಂಬಿದಂತೆ ಕಾಣುವ ಗುಳ್ಳೆ ಏಳಬಹುದು. ಅದು ಸಾಮಾನ್ಯವಾಗಿ ಸೋಂಕಲ್ಲ. ಉಗುರಿನಿಂದ ಒಡೆದರೆ ಸೋಂಕು ತಗಲುತ್ತದೆ.

ಕಚ್ಚಿದ ಕೂಡಲೇ ಆ ಜಾಗದಿಂದ ದೂರ ಸರಿದು ಇರುವೆಗಳನ್ನು ಕೈಯಿಂದ ಚುರುಕಾಗಿ ಒರೆಸಿ ತೆಗೆಯಿರಿ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ ತೆಗೆದಿಡಿ. ಸೋಪು ಹಾಕಿ ತೊಳೆದು ತಣ್ಣೀರ ಬಟ್ಟೆ ಇಡಿ. ತುರಿಕೆಗೆ ಕ್ಯಾಲಮೈನ್ ಲೋಷನ್ ಸಾಕು. ಎಲೆಯಡಿಕೆ ತಟ್ಟೆಯ ಸುಣ್ಣ ಹಚ್ಚುವುದನ್ನು ದಯವಿಟ್ಟು ಬಿಡಿ. ಆಮ್ಲಕ್ಕೆ ಕ್ಷಾರ ಮದ್ದು ಎಂಬ ಲೆಕ್ಕ ಇಲ್ಲಿ ನಡೆಯದು: ಚುಚ್ಚಿದ ವಿಷ ಚರ್ಮದೊಳಗಿರುತ್ತದೆ, ಸುಣ್ಣ ಮೇಲಿನ ಚರ್ಮವನ್ನೇ ಸುಡುತ್ತದೆ.

ಇನ್ನು ಅಲರ್ಜಿ. ವಿಷದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಪ್ರೋಟೀನುಗಳೇ ಇದಕ್ಕೆ ಕಾರಣ. ಹಿಂದಿನ ಕಡಿತದಲ್ಲಿ ಕೆಲವರ ದೇಹ ಅವುಗಳ ವಿರುದ್ಧ ಐಜಿಇ ಪ್ರತಿಕಾಯ (ಅಲರ್ಜಿ ಕೆರಳಿಸುವ ರಕ್ಷಣಾ ಪ್ರೋಟೀನು) ತಯಾರಿಸಿಟ್ಟುಕೊಂಡಿರುತ್ತದೆ. ಮತ್ತೆ ಕಚ್ಚಿದಾಗ ಮೈಯೆಲ್ಲೆಡೆಯ ಮಾಸ್ಟ್ ಕೋಶಗಳು ಒಮ್ಮೆಲೇ ಸಿಡಿಯುತ್ತವೆ. ‘ಎಷ್ಟು ಸಲ ಕಚ್ಚಿದೆ, ಏನೂ ಆಗಿಲ್ಲ’ ಎಂಬ ಮಾತನ್ನು ಅದಕ್ಕೇ ನೆಚ್ಚಬಾರದು.

ಆದ್ದರಿಂದ ಕಚ್ಚಿದ ಜಾಗವನ್ನಷ್ಟೇ ನೋಡಬೇಡಿ. ಕಚ್ಚಿದ್ದು ಕಾಲಿಗೆ, ಪಿತ್ತದ ಗಂಧೆ ಎದ್ದದ್ದು ಹೊಟ್ಟೆಯ ಮೇಲೆ ಎಂದಾದರೆ ಅದು ಎಚ್ಚರಿಕೆ. ತುಟಿ, ನಾಲಿಗೆ ಊದುವುದು, ದನಿ ಒಡೆಯುವುದು, ಉಬ್ಬಸ, ವಾಂತಿ, ತಲೆ ಸುತ್ತು ಇದ್ದರೆ ಅನಾಫಿಲ್ಯಾಕ್ಸಿಸ್ (ಮೈಯೆಲ್ಲ ಆವರಿಸುವ, ಪ್ರಾಣಕ್ಕೆ ಎರವಾಗುವ ಅಲರ್ಜಿ) ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಇದಕ್ಕೆ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ನುಂಗಿಸಿ ಕಾಯುತ್ತ ಕೂತರೆ ಕಾಲ ಮೀರುತ್ತದೆ. ಶಿರಸಿಯಿಂದ ಕುಮಟೆ ಕಡೆಯ ದೇವಿಮನೆ ಘಟ್ಟ ಇಳಿದು ದೊಡ್ಡ ಆಸ್ಪತ್ರೆಯನ್ನೇ ಹುಡುಕಬೇಕಿಲ್ಲ. ಈ ಚುಚ್ಚುಮದ್ದು ಸಿಗುವ ಹತ್ತಿರದ ಆಸ್ಪತ್ರೆಗೇ ಹೋಗಿ. ರೋಗಿಯನ್ನು ನಡೆಸಬೇಡಿ. ಕಾಲು ಎತ್ತರಿಸಿ ಮಲಗಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ.

ಚೇತರಿಸಿಕೊಂಡರೆಂದು ತಕ್ಷಣ ಮನೆಗೆ ಕರೆತರಬೇಡಿ. ಕೆಲವು ಗಂಟೆಗಳ ಬಳಿಕ ಲಕ್ಷಣಗಳು ಮರುಕಳಿಸುವುದುಂಟು, ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲೇ ಇರಬೇಕು.