ಮಣ್ಣು ಹುರಿದು ಆ್ಯಂಟಿಬಯಾಟಿಕ್ ಹುಡುಕಿದ್ದು

120 ಡಿಗ್ರಿಯಲ್ಲಿ ಒಂದು ಗಂಟೆ ಹುರಿದ ಮಣ್ಣಲ್ಲಿ ಇನ್ನೇನು ಉಳಿದೀತು ಅಂತ ನಕ್ಕವರೇ ಜಾಸ್ತಿ. ಉಳಿಯುತ್ತೆ, ನಮಗೆ ಬೇಕಾದ, ಆ್ಯಂಟಿಬಯಾಟಿಕ್ ಮಾಡುವ ಅಪರೂಪದ ಮಣ್ಣಿನ ಬ್ಯಾಕ್ಟೀರಿಯಾಗಳಾದ ಆ್ಯಕ್ಟಿನೋಮೈಸೀಟ್‌ಗಳೇ ಉಳಿಯುತ್ತವೆ. ಆದರೆ ಅಡಿಕೆ ತೋಟದ ಮಣ್ಣು ನೆರಳಲ್ಲಿ ಒಂದು ವಾರ ಒಣಗಿರಬೇಕು. ಹಸಿ ಮಣ್ಣು ಓವನ್ನಿಗೆ ಹೋದರೆ ಹುರಿಯುವುದಿಲ್ಲ, ಬೇಯುತ್ತೆ; ಆ ಹಬೆಗೆ ಅವುಗಳ ಬೀಜದಂಥ ಸ್ಪೋರುಗಳೂ ಸಾಯುತ್ತವೆ. ಮೊದಲ ಮೂರು ಬ್ಯಾಚ್ ಹಾಗೇ ಹಾಳಾದವು.

ಹ್ಯೂಮಿಕ್ ಆ್ಯಸಿಡ್ ಅಗಾರ್ (ಹುರಿದ ಮಣ್ಣು ಹರಡಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ): ಲೀಟರಿಗೆ 1 ಗ್ರಾಂ ಹ್ಯೂಮಿಕ್ ಆ್ಯಸಿಡ್, ಮೊದಲೇ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿದ್ದು. ಬೂಷ್ಟು ತಡೆಯಲು ಸೈಕ್ಲೋಹೆಕ್ಸಿಮೈಡ್ 50 ಮಿ.ಗ್ರಾಂ. ಪ್ಲೇಟಿಗೆ 25 ಮಿ.ಲೀ. ಸುರಿಯಿರಿ, 28 ಡಿಗ್ರಿಯಲ್ಲಿ ಮೂರು ವಾರ ಕಾಯಬೇಕು, ತೆಳ್ಳಗಿದ್ದರೆ ಹಪ್ಪಳವಾಗುತ್ತೆ. ಹುತ್ತದ ಮಣ್ಣಲ್ಲೂ ನೋಡಿದ್ದಾಯಿತು: ಕಾಲೊನಿ ರಾಶಿ, ಕೆಲಸಕ್ಕೆ ಬಂದದ್ದು ಒಂದೂ ಇಲ್ಲ.

ದುಡ್ಡು ನಿಜವಾಗಿ ಸೋರುವುದು ಹಳೇ ಔಷಧವನ್ನೇ ಮತ್ತೆ ಕಂಡುಹಿಡಿಯುವುದರಲ್ಲಿ. ಸಾರದಲ್ಲಿ ಯಾವ ಅಣುಗಳಿವೆ ಅಂತ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್ ಪರೀಕ್ಷೆಗೆ ಸ್ಯಾಂಪಲ್ಲಿಗೆ ಆಗ ಸುಮಾರು ಮೂರು ಸಾವಿರ ರೂಪಾಯಿ ಆಗುತ್ತಿತ್ತು. ನಲವತ್ತು ಕಳಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಸ್ಟ್ರೆಪ್ಟೋಥ್ರಿಸಿನ್ ಎಂಬ ಹಳೇ ಆ್ಯಂಟಿಬಯಾಟಿಕ್. ಆಮೇಲೆ ಒಂದೇ ಇ. ಕೋಲಿ ತಳಿಯ ಎರಡು ಲಾನ್ (ಪ್ಲೇಟ್ ತುಂಬ ಹರಡಿದ ಬ್ಯಾಕ್ಟೀರಿಯಾ) ಇಟ್ಟೆವು, ಒಂದು ಮಾಮೂಲಿ, ಇನ್ನೊಂದರಲ್ಲಿ ಸ್ಟ್ರೆಪ್ಟೋಥ್ರಿಸಿನ್ ಅನ್ನು ನಿಷ್ಕ್ರಿಯ ಮಾಡುವ ನ್ಯಾಟ್ ಜೀನ್ ಇರುವ ಪ್ಲಾಸ್ಮಿಡ್ (ಚಿಕ್ಕ ಡಿಎನ್‌ಎ ಉಂಗುರ). ನಮ್ಮ ತಳಿ ಬೆಳೆದ ಅಗಾರ್ ತುಂಡಿನ (ಪ್ಲಗ್) ಸುತ್ತ ಮಾಮೂಲಿಯಲ್ಲಿ ಝೋನ್, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ, ಬಂದು ನ್ಯಾಟ್‌ನಲ್ಲಿ ಬರದಿದ್ದರೆ ಅದು ಸ್ಟ್ರೆಪ್ಟೋಥ್ರಿಸಿನ್ ಜಾತಿಯದು, ನೇರ ಕಸದ ಬುಟ್ಟಿಗೆ. 

ಪ್ಲೇಟಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ತಳಿ ಫ್ಲಾಸ್ಕಲ್ಲಿ ಸುಮ್ಮನಿರುತ್ತೆ. ಕಾರಣ ಉಂಡೆ ಕಟ್ಟುವುದು: ಉಂಡೆಯ ಒಳಗೆ ಗಾಳಿ ಹೋಗಲ್ಲ. 250 ಮಿ.ಲೀ. ಫ್ಲಾಸ್ಕಿಗೆ 50 ಮಿ.ಲೀ. ಮೀಡಿಯಂ, ತಳದಲ್ಲಿ ಉಂಡೆ ಒಡೆಯಲು ಸ್ಟೀಲ್ ಸ್ಪ್ರಿಂಗ್ ಸುರುಳಿ, 180 ಆರ್‌ಪಿಎಂ, ಏಳು ದಿನ. ಗ್ಲೂಕೋಸ್ ತೆಗೆದು ಸ್ಟಾರ್ಚ್ ಹಾಕಿ. ಸಕ್ಕರೆ ಸುಲಭವಾಗಿ ಸಿಗುವಷ್ಟು ದಿನ ಔಷಧದ ಜೀನ್‌ಗಳು ತಡವಾಗಿ ಏಳುತ್ತವೆ. ಮೂರನೇ ದಿನ ಇನ್ನೊಂದು ಪದಾರ್ಥ ಸೇರಿಸುತ್ತೇವೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಇಥೈಲ್ ಅಸಿಟೇಟಲ್ಲಿ ಎಳೆದ ಸಾರವನ್ನು ಕಾಗದದ ಡಿಸ್ಕಿಗೆ ಹಾಕಿ ಅರ್ಧ ಒಣಗಿಸಿ ಇಟ್ಟಾಗ ಬಂದ 14 ಮಿ.ಮೀ. ಝೋನ್ ಬರೀ ಸಾಲ್ವೆಂಟಿನದು. ಪಕ್ಕದಲ್ಲಿ ಖಾಲಿ ಸಾಲ್ವೆಂಟ್ ಡಿಸ್ಕ್ ಇಡದೆ ಹಿಗ್ಗಿದ ಎರಡು ವಾರ ದಂಡ.

ಕೊನೆಗೆ ಉಳಿದದ್ದು ಎರಡು ತಳಿ. ಒಂದರ ಕಚ್ಚಾ ಸಾರ, ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆದ ಎಂಆರ್‌ಎಸ್‌ಎ (ಪರೀಕ್ಷೆಗೆ ಬಳಸುವ ತಳಿ ಎಟಿಸಿಸಿ 43300) ಬೆಳವಣಿಗೆಯನ್ನು ಮಿ.ಲೀ.ಗೆ ಹತ್ತಿರಹತ್ತಿರ 16 ಮೈಕ್ರೋಗ್ರಾಂನಲ್ಲಿ ತಡೆಯಿತು. ಅದರ ಎಂಟು ಪಟ್ಟಿಗೂ ಕೆಂಪು ರಕ್ತಕಣ ಒಡೆಯಲಿಲ್ಲ. ಸ್ಪೋರುಗಳನ್ನು 20% ಗ್ಲಿಸರಾಲಲ್ಲಿ ಮೈನಸ್ 80ಕ್ಕೆ ಮೊದಲ ದಿನವೇ ಇಡಿ. ನಾಲ್ಕೈದು ಸಬ್‌ಕಲ್ಚರ್ ಆದ ಮೇಲೆ ಬಿಳಿ ಪುಡಿಯಿಲ್ಲದ ಬೋಳು ಕಾಲೊನಿ ಕಂಡರೆ, ಆ ಪ್ಲೇಟಿಂದ ಫ್ಲಾಸ್ಕಿಗೆ ಹಾಕಬೇಡಿ, ಅದು ಔಷಧ ಮಾಡುವುದನ್ನು ಬಿಟ್ಟಿರಬಹುದು.