ಡ್ರಿಪ್ಪಿಗೆ ಆಟೋಮ್ಯಾಟಿಕ್ ಗೊಬ್ಬರದ ಯಂತ್ರ ಹಾಕಿಸುವ ಮೊದಲು ಬೋರಿನ ನೀರು ಅಳೆಯಿರಿ

ನಮ್ಮ ಕೋಲಾರದ ಕಡೆ ಟೊಮೆಟೊ ಹಾಕುವವರಲ್ಲಿ ಡ್ರಿಪ್ ಇಲ್ಲದವರು ಈಗ ಕಡಿಮೆ. ಡ್ರಿಪ್ಪಿನ ನೀರಿನ ಜೊತೆಗೇ ಗೊಬ್ಬರ ಬಿಡುವುದು, ಅಂದರೆ ರಸಾವರಿ, ಅದೂ ಹೊಸದೇನಲ್ಲ. ಈಗ ಜನ ಕೇಳುತ್ತಿರುವುದು ಅದರ ಮುಂದಿನದು. ರಾತ್ರಿ ಕರೆಂಟು ಬಂದಾಗ ತೋಟಕ್ಕೆ ಓಡುವುದು ತಪ್ಪಬೇಕು, ಗೊಬ್ಬರ ತಾನಾಗೇ ಹೋಗಬೇಕು, ಅದಕ್ಕೆ ಯಾವ ಯಂತ್ರ ತಗೊಳ್ಳೋದು? ನಾನು ಮೂರು ಎಕರೆಯಲ್ಲಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಬೆಳೆಯುವವನು. ಒಂದು ಸಲ ಅವಸರದಲ್ಲಿ ಯಂತ್ರ ಹಾಕಿಸಿ ಬೆಳೆ ಕೆಡಿಸಿಕೊಂಡಿದ್ದೇನೆ. ಆ ತಪ್ಪು ನಿಮ್ಮ ತೋಟದಲ್ಲಿ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸಕ್ಕೆ ಯಂತ್ರವೇ ಬೇಡ. ಒಂದು 200 ಲೀಟರ್ ಡ್ರಮ್ಮು, ಕೈಯಲ್ಲಿ ಮೊಬೈಲು, ಅಷ್ಟೇ. ಮೋಟಾರು ಹಾಕಿ ಒಂದು ಗಂಟೆ ಓಡಲು ಬಿಡಿ. ಆಮೇಲೆ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. 90 ಸೆಕೆಂಡಿಗೆ ತುಂಬಿದರೆ ನಿಮ್ಮ ಬೋರು ಗಂಟೆಗೆ 8,000 ಲೀಟರ್ ಕೊಡುತ್ತಿದೆ ಅಂತ ಲೆಕ್ಕ. ಮೋಟಾರು ಹಾಕಿದ ಕೂಡಲೇ ಅಳೆದರೆ ಜಾಸ್ತಿ ಬರುತ್ತದೆ, ಅದನ್ನು ನಂಬಬೇಡಿ. ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದರೆ ಎಷ್ಟು ವ್ಯತ್ಯಾಸ ಇದೆ ಅಂತ ನಿಮಗೇ ಗೊತ್ತಾಗುತ್ತದೆ. "ಎರಡಿಂಚು ನೀರು ಇದೆ" ಅನ್ನುವ ಮಾತು ಅಂಗಡಿಯಲ್ಲಿ ಹೇಳಲು ಸಾಕು, ಯಂತ್ರ ಹೊಂದಿಸಲು ಸಾಲದು.

ಇನ್ನು ತೋಟ ಎಷ್ಟು ನೀರು ಕುಡಿಯುತ್ತದೆ ಅನ್ನುವ ಲೆಕ್ಕ. ಸಾಲಿನಿಂದ ಸಾಲಿಗೆ 5 ಅಡಿ, ಹನಿ ಬೀಳುವ ಜಾಗ 40 ಸೆಂಟಿಮೀಟರಿಗೆ ಒಂದು, ಒಂದೊಂದೂ ಗಂಟೆಗೆ 2 ಲೀಟರ್ ಬಿಡುತ್ತದೆ ಅಂತಿಟ್ಟುಕೊಳ್ಳಿ. ಅರ್ಧ ಎಕರೆಗೆ ಗಂಟೆಗೆ ಸುಮಾರು 6,700 ಲೀಟರ್ ಬೇಕಾಗುತ್ತದೆ. ಹಾಗಾದರೆ 8,000 ಲೀಟರಿನ ಬೋರಿಗೆ ಒಂದು ಸಲಕ್ಕೆ ಅರ್ಧ ಎಕರೆಯೇ ಸರಿ. ಒಂದು ಎಕರೆಗೆ ಒಂದೇ ವಾಲ್ವ್ ಹಾಕಿದರೆ ಸಾಲಿನ ಕೊನೆಯ ಗಿಡಕ್ಕೆ ನೀರೂ ಸಾಲದು, ಗೊಬ್ಬರವೂ ಸಾಲದು. ಎಷ್ಟು ದುಬಾರಿ ಯಂತ್ರ ತಂದರೂ ಇದು ಸರಿಹೋಗುವುದಿಲ್ಲ.

ನನ್ನ ತೋಟದಲ್ಲಿ ಆದದ್ದು ಇಷ್ಟು. ಟೈಮರ್ ಇರುವ ಕಂಟ್ರೋಲರ್, ಅಂದರೆ ಹೊತ್ತಿಗೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುವ ಪೆಟ್ಟಿಗೆ ಹಾಕಿಸಿದೆ, ಜೊತೆಗೆ ಗೊಬ್ಬರ ತಳ್ಳಲು ಕರೆಂಟಿನ ಚಿಕ್ಕ ಪಂಪು. ಬೋರಿನ ಮೋಟಾರು ತ್ರೀ ಫೇಸ್ ಮೇಲೆ, ಗೊಬ್ಬರದ ಪಂಪು ಸಿಂಗಲ್ ಫೇಸ್ ಮೇಲೆ. ಒಂದು ರಾತ್ರಿ ನಡುವೆ ತ್ರೀ ಫೇಸ್ ಹೋಯಿತು. ಮೋಟಾರು ನಿಂತಿತು, ಆದರೆ ಗೊಬ್ಬರದ ಪಂಪು ನಿಲ್ಲಲಿಲ್ಲ, ನಿಂತ ನೀರಿಗೇ ಗಟ್ಟಿ ಗೊಬ್ಬರ ತಳ್ಳುತ್ತಾ ಹೋಯಿತು. ಕರೆಂಟು ಮತ್ತೆ ಬಂದಾಗ ಅದೆಲ್ಲ ಒಟ್ಟಿಗೇ ಮೊದಲ ಸಾಲುಗಳಿಗೆ ನುಗ್ಗಿತು. ಮೂರೇ ದಿನದಲ್ಲಿ ಆ ಸಾಲುಗಳ ಎಲೆ ಅಂಚು ಸುಟ್ಟ ಹಾಗೆ ಒಣಗಿತು. ಕೊನೆಯ ಸಾಲುಗಳು ಮಾತ್ರ ಗೊಬ್ಬರವೇ ಇಲ್ಲದೆ ಹಳದಿಯಾಗಿ ನಿಂತಿದ್ದವು. ಮಾರಿದವರು ಈ ವಿಷಯ ಹೇಳಿರಲಿಲ್ಲ, ನನಗೂ ಕೇಳಬೇಕು ಅಂತ ಹೊಳೆದಿರಲಿಲ್ಲ.

ಅದಕ್ಕೇ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆ ಅಲ್ಲ. ಪೈಪಿನಲ್ಲಿ ನೀರು ನಿಂತರೆ ಗೊಬ್ಬರ ತಾನಾಗೇ ನಿಲ್ಲುತ್ತದಾ? ಕರೆಂಟು ಹೋಗಿ ಬಂದಾಗ ಬಿಟ್ಟ ಜಾಗದಿಂದ ಮುಂದುವರಿಸುತ್ತದಾ, ಇಲ್ಲ ಮೊದಲಿನಿಂದ ಶುರು ಮಾಡುತ್ತದಾ? ಮೊದಲಿನಿಂದ ಶುರು ಮಾಡುವ ಯಂತ್ರವಾದರೆ ಒಂದೇ ರಾತ್ರಿ ಮೂರು ಸಲ ಕರೆಂಟು ಹೋದಾಗ ಒಂದನೇ ವಾಲ್ವಿಗೆ ಮೂರು ಸಲ ಗೊಬ್ಬರ, ಕೊನೆಯದಕ್ಕೆ ಏನೂ ಇಲ್ಲ. ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಸಿಗುವುದೇ ದಿನಕ್ಕೆ 7 ಗಂಟೆ, ಅದೂ ತುಂಡುತುಂಡಾಗಿ. ಇಲ್ಲಿ ಹೊತ್ತು ನೋಡಿ ಕೆಲಸ ಮಾಡುವ ಯಂತ್ರಕ್ಕಿಂತ ಲೀಟರ್ ಲೆಕ್ಕ ಹಾಕುವ ಯಂತ್ರ ಎಷ್ಟೋ ಮೇಲು. ಪೈಪಿಗೆ ಒಂದು ನೀರಿನ ಮೀಟರ್ ಕೂರಿಸಿ, ಅದರ ಸಿಗ್ನಲ್ ಕಂಟ್ರೋಲರಿಗೆ ಕೊಟ್ಟರೆ "ಈ ವಾಲ್ವಿಗೆ 6,700 ಲೀಟರ್" ಅಂತ ಹೇಳಬಹುದು. ವೋಲ್ಟೇಜ್ ಕಡಿಮೆಯಾಗಲಿ, ಬೋರಿನಲ್ಲಿ ನೀರು ಇಳಿಯಲಿ, ಅಷ್ಟು ಲೀಟರ್ ಹೋದಮೇಲೇ ಅದು ಮುಂದಿನ ವಾಲ್ವಿಗೆ ಹೋಗುತ್ತದೆ. ದುಡ್ಡು ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಈ ಮೀಟರ್ ಮಾತ್ರ ಬಿಡಬೇಡಿ.

ಈಗ ಗೊಬ್ಬರ ಸೇರಿಸುವ ಸಾಧನಗಳು. ಪೈಪಿನ ಪಕ್ಕ ಕೂರಿಸುವ ಕಬ್ಬಿಣದ ಗೊಬ್ಬರದ ಟ್ಯಾಂಕ್ ಹಳೆಯ ಕಾಲದ್ದು. ಅದರಲ್ಲಿ ಶುರುವಿಗೆ ಗಟ್ಟಿ ಗೊಬ್ಬರ ಹೋಗಿ ಬರಬರುತ್ತಾ ತೆಳುವಾಗುತ್ತದೆ, ಆಟೋಮ್ಯಾಟಿಕ್ ಕೆಲಸಕ್ಕೆ ಅದು ಆಗಿಬರುವುದಿಲ್ಲ. ವೆಂಚುರಿ ನಿಮಗೆ ಗೊತ್ತೇ ಇದೆ. ನಡುವೆ ಕಿರಿದಾದ ಕೊಳವೆಯಲ್ಲಿ ನೀರು ಜೋರಾಗಿ ಹೋಗುವಾಗ ಅಲ್ಲಿ ಒತ್ತಡ ಇಳಿದು ಗೊಬ್ಬರವನ್ನು ಎಳೆದುಕೊಳ್ಳುತ್ತದೆ. ಅಗ್ಗ, ಕರೆಂಟು ಬೇಡ, ಕೆಡುವಂಥದ್ದೂ ಏನಿಲ್ಲ. ಆದರೆ ಪೈಪಿನ ಒತ್ತಡ ಸ್ವಲ್ಪ ಇಳಿದರೂ ಎಳೆಯುವುದು ನಿಂತುಬಿಡುತ್ತದೆ. ಎದುರಿಗೆ ನಿಂತು ಗೇಟ್ ವಾಲ್ವ್ ತಿರುಗಿಸುವವರಿದ್ದರೆ ವೆಂಚುರಿ ಸಾಕು. ಎದುರಿಗೆ ಯಾರೂ ಇರುವುದಿಲ್ಲ ಅಂದರೆ ಅದಕ್ಕೇ ಒಂದು ಚಿಕ್ಕ ಬೂಸ್ಟರ್ ಪಂಪು ಕೊಡಬೇಕು.

ನನಗೆ ತುಂಬಾ ಇಷ್ಟವಾಗಿರುವುದು ನೀರಿನ ಒತ್ತಡದಿಂದಲೇ ಓಡುವ ಡೋಸಿಂಗ್ ಪಂಪು. ಕರೆಂಟೇ ಬೇಡ. ಒಳಗಿನ ಪಿಸ್ಟನ್ ನೀರಿನಿಂದ ಮೇಲೆ ಕೆಳಗೆ ಆಡುತ್ತದೆ, ಒಂದೊಂದು ಸಲಕ್ಕೂ ಇಷ್ಟು ಅಂತ ಗೊಬ್ಬರ ಎಳೆಯುತ್ತದೆ. ನೀರು ಕಡಿಮೆಯಾದರೆ ಗೊಬ್ಬರವೂ ಅಷ್ಟೇ ಕಡಿಮೆ, ನೀರು ನಿಂತರೆ ಗೊಬ್ಬರವೂ ನಿಂತಿತು. ನೀರಿನ ನೂರಕ್ಕೆ 0.2ರಿಂದ 2 ಪಾಲಿನವರೆಗೆ ತಿರುಗಿಸಿ ಇಡುವ ಪಂಪುಗಳು ಸಿಗುತ್ತವೆ. ಆದರೆ ಮರಳು ನೀರಿಗೆ ಇದು ತಡೆಯುವುದಿಲ್ಲ, ಒಳಗಿನ ಸೀಲು ಸವೆಯುತ್ತದೆ. ಸೀಲಿನ ಸೆಟ್ಟು ಹತ್ತಿರದಲ್ಲಿ ಸಿಗುತ್ತದಾ ಅಂತ ಕೇಳಿಯೇ ಕೊಳ್ಳಿ.

ಕೊನೆಯದು ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಅಂಕಿ), ಪಿಎಚ್ (ನೀರಿನ ಹುಳಿ, ಕ್ಷಾರದ ಅಂಕಿ) ನೋಡಿಕೊಂಡು ತಾನೇ ಬೆರೆಸುವ ದೊಡ್ಡ ಯಂತ್ರ. ಪಾಲಿಹೌಸಿನಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಬೆಳೆಯುವವರಿಗೆ ಇದು ಬೇಕೇ ಬೇಕು, ಅಲ್ಲಿ ಬೇರಿಗೆ ಆಸರೆಯಾಗಿ ಮಣ್ಣಿಲ್ಲ. ಬಯಲಿನಲ್ಲಿ, ಮಣ್ಣಿನಲ್ಲಿ ಬೆಳೆಯುವವರಿಗೆ ಲಕ್ಷಗಟ್ಟಲೆ ಸುರಿದು ಇದನ್ನು ತರುವ ಅಗತ್ಯ ನನಗಂತೂ ಕಾಣುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಯೂರಿಯಾ ನೀರಿನಲ್ಲಿ ಕರಗಿದರೂ ಇಸಿ ಏರುವುದಿಲ್ಲ. ಎಷ್ಟು ಯೂರಿಯಾ ಸುರಿದರೂ ಇಸಿ ಸೆನ್ಸರಿಗೆ ಅದು ಕಾಣಿಸುವುದೇ ಇಲ್ಲ. ಯೂರಿಯಾ ಬಳಸುವವರು ಆ ಯಂತ್ರದ ಅಂಕಿ ನಂಬಿಕೊಂಡು ಕೂತರೆ ಮೋಸಹೋಗುತ್ತಾರೆ.

ಜೋಡಿಸುವ ಕ್ರಮದಲ್ಲೂ ತಪ್ಪಾಗಬಾರದು. ಬೋರಿನಿಂದ ಬಂದ ನೀರು ಮೊದಲು ಮರಳು ತೆಗೆಯುವ ಹೈಡ್ರೋಸೈಕ್ಲೋನ್ ದಾಟಬೇಕು. ಕೃಷಿಹೊಂಡದ ನೀರಾದರೆ ಪಾಚಿ ಇರುತ್ತದೆ, ಸ್ಯಾಂಡ್ ಫಿಲ್ಟರ್ ಬೇಕು. ಆಮೇಲೆ ನೀರಿನ ಮೀಟರ್, ಆಮೇಲೆ ಗೊಬ್ಬರ ಸೇರುವ ಜಾಗ, ಅದು ಆದಮೇಲೆ ಡಿಸ್ಕ್ ಫಿಲ್ಟರ್. ಗೊಬ್ಬರದ ಕರಗದ ಚೂರು ಡ್ರಿಪ್ಪಿಗೆ ಹೋಗದೆ ಅಲ್ಲೇ ನಿಲ್ಲಬೇಕು ಅಲ್ವಾ, ಅದಕ್ಕೆ. ಗೊಬ್ಬರ ಸೇರುವ ಜಾಗಕ್ಕೂ ಬೋರಿಗೂ ನಡುವೆ ಹಿಂದಕ್ಕೆ ಹರಿಯದ ಹಾಗೆ ತಡೆಯುವ ಎನ್‌ಆರ್‌ವಿ ವಾಲ್ವ್ ಇರಲೇಬೇಕು. ಅದಿಲ್ಲದೆ ಮೋಟಾರು ನಿಂತರೆ ಗೊಬ್ಬರದ ನೀರು ಬೋರಿಗೇ ಇಳಿಯುತ್ತದೆ, ಆ ಬೋರಿನ ನೀರನ್ನೇ ಮನೆಯವರೂ ದನಗಳೂ ಕುಡಿಯುತ್ತಿರುತ್ತಾರೆ. ಇದರಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ. ವಾಲ್ವಿಗೆ ಹೋಗುವ ವೈರು ಪೈಪಿನೊಳಗೆ ಹೋಗಲಿ, ಇಲ್ಲದಿದ್ದರೆ ಇಲಿ ಬಿಡುವುದಿಲ್ಲ. ಅರ್ಥಿಂಗ್ ಸರಿಯಾಗಿ ಮಾಡಿಸಿ, ಮುಂಗಾರಿನ ಮೊದಲ ಸಿಡಿಲಿಗೇ ಬೋರ್ಡು ಸುಡುವುದುಂಟು. ಮೊಬೈಲಿನಿಂದ ನಡೆಸುವ ಕಂಟ್ರೋಲರ್ ಆದರೆ ಪಂಪ್‌ಹೌಸಿನಲ್ಲಿ ನಿಂತು ನೆಟ್‌ವರ್ಕ್ ಬರುತ್ತದಾ ನೋಡಿ, ಮನೆಯಲ್ಲಿ ನಿಂತಲ್ಲ.

ಗೊಬ್ಬರದ ಡ್ರಮ್ಮು ಕಡಿಮೆ ಅಂದರೂ ಎರಡು ಇರಲಿ. ಕ್ಯಾಲ್ಸಿಯಂ ನೈಟ್ರೇಟ್ ಒಂದರಲ್ಲಿ, ಅದರ ಜೊತೆ ಸಲ್ಫೇಟ್ ಇರುವುದೂ ರಂಜಕ ಇರುವುದೂ ಸೇರಬಾರದು. 12:61:0, 0:52:34, 19:19:19, 0:0:50, ಮೆಗ್ನೀಷಿಯಂ ಸಲ್ಫೇಟ್, ಇವೆಲ್ಲ ಇನ್ನೊಂದು ಡ್ರಮ್ಮಿಗೆ (ಆ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಪಾಲು). ಬೆರೆತರೆ ಸುಣ್ಣದಂಥ ಬಿಳಿ ಗಷ್ಟು ಕಟ್ಟಿ ಡ್ರಿಪ್ ಮುಚ್ಚಿಹೋಗುತ್ತದೆ. ಅನುಮಾನ ಬಂದರೆ ಎರಡನ್ನೂ ಸ್ವಲ್ಪ ಸ್ವಲ್ಪ ಗಾಜಿನ ಬಾಟಲಿಯಲ್ಲಿ ಬೆರೆಸಿ ಅರ್ಧ ಗಂಟೆ ಬಿಡಿ. ಹಾಲಿನ ಹಾಗಾದರೆ ಬೇಡ. ಯೂರಿಯಾ ಕರಗುವಾಗ ನೀರು ತಣ್ಣಗಾಗುತ್ತದೆ, ತಣ್ಣಗಿನ ನೀರಿನಲ್ಲಿ ಬೇರೆ ಗೊಬ್ಬರ ಬೇಗ ಕರಗುವುದಿಲ್ಲ. ಹಾಗಾಗಿ ಸಾಯಂಕಾಲವೇ ಕರಗಿಸಿಟ್ಟರೆ ರಾತ್ರಿಗೆ ಸರಿಯಾಗಿರುತ್ತದೆ. 0:0:50 ಬೇರೆಯವುಗಳಿಗಿಂತ ಕಡಿಮೆ ಕರಗುವ ಗೊಬ್ಬರ, ಅದಕ್ಕೆ ನೀರು ಜಾಸ್ತಿ ಬೇಕು. ಇನ್ನು ಡ್ರಿಪ್ ತೊಳೆಯಲು ಆ್ಯಸಿಡ್ ಬಿಡುವವರಿಗೆ ಎರಡು ಮಾತು. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್ಡಿಗೆ ನೀರು ಹಾಕಬಾರದು. ಬ್ಲೀಚಿಂಗ್ ಪೌಡರ್ ಇರುವ ಡ್ರಮ್ಮಿಗೆ ಆ್ಯಸಿಡ್ ತಾಗಿಸಲೇಬಾರದು, ಅದರಿಂದ ಬರುವ ಗಾಳಿ ವಿಷ.

ಇನ್ನು ಯಂತ್ರಕ್ಕೆ ಲೆಕ್ಕ ಕೊಡುವುದು. ಒಂದು ಗಂಟೆ ನೀರು ಬಿಡುವುದಾದರೆ ಮೊದಲ ಕಾಲು ಭಾಗ ಬರೀ ನೀರು, ನಡುವಿನ ಅರ್ಧ ಭಾಗ ಗೊಬ್ಬರ, ಕೊನೆಯ ಕಾಲು ಭಾಗ ಮತ್ತೆ ಬರೀ ನೀರು. ಅರ್ಧ ಎಕರೆಗೆ 2 ಕೆಜಿ 19:19:19 ಕೊಡಬೇಕು ಅಂತಿಟ್ಟುಕೊಳ್ಳಿ. 40 ಲೀಟರ್ ನೀರಿನಲ್ಲಿ ಕರಗಿಸಿದಿರಿ. ಅದು ಅರ್ಧ ಗಂಟೆಯಲ್ಲಿ ಹೋಗಬೇಕು, ಅಂದರೆ ನಿಮ್ಮ ಸಾಧನ ಗಂಟೆಗೆ 80 ಲೀಟರ್ ಎಳೆಯಬೇಕು. ಗಂಟೆಗೆ 60 ಲೀಟರ್ ಮಾತ್ರ ಎಳೆಯುವ ವೆಂಚುರಿ ಇದ್ದರೆ 30 ಲೀಟರಿನಲ್ಲೇ ಕರಗಿಸಿ. ಡೋಸಿಂಗ್ ಪಂಪಾದರೆ 6,700ಕ್ಕೆ 80, ಹೆಚ್ಚುಕಡಿಮೆ ನೂರಕ್ಕೆ 1.2. ಅದರ ತಿರುಪನ್ನು ಅಲ್ಲಿಗೆ ಇಟ್ಟರೆ ಆಯಿತು. ಯಾವ ಹಂತದಲ್ಲಿ ಎಷ್ಟು ಗೊಬ್ಬರ ಅನ್ನುವುದನ್ನು ಮಾತ್ರ ಅಂಗಡಿಯವರನ್ನು ಕೇಳಬೇಡಿ. ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದು ಕೃಷಿ ವಿಜ್ಞಾನ ಕೇಂದ್ರಕ್ಕೋ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೋ ಹೋಗಿ.

ಕಾಲು ಭಾಗದ ಲೆಕ್ಕ ನಿಮ್ಮ ತೋಟಕ್ಕೆ ಸರಿಯಾ ಅಂತ ನೋಡಲು ಒಂದು ದಾರಿ ಇದೆ. ಪೆನ್ನಿನಂಥ ಇಸಿ ಮೀಟರ್ ಸಿಗುತ್ತದೆ, ಅದನ್ನು ಹಿಡಿದು ತೀರಾ ದೂರದ ಸಾಲಿನ ಕೊನೆಗೆ ಹೋಗಿ. ಅಂದು ಬಿಡುವ ಗೊಬ್ಬರ ಬರೀ ಯೂರಿಯಾ ಆಗಿರಬಾರದು. ಎರಡು ನಿಮಿಷಕ್ಕೊಮ್ಮೆ ಹನಿ ಹಿಡಿದು ನೋಡುತ್ತಾ ಹೋಗಿ. ಗೊಬ್ಬರ ಶುರುವಾದ ಎಷ್ಟು ನಿಮಿಷಕ್ಕೆ ಅಂಕಿ ಏರಿತು, ಗೊಬ್ಬರ ನಿಂತ ಎಷ್ಟು ನಿಮಿಷಕ್ಕೆ ಮತ್ತೆ ಬರೀ ನೀರಿನ ಅಂಕಿಗೆ ಇಳಿಯಿತು, ಎರಡನ್ನೂ ಬರೆದುಕೊಳ್ಳಿ. ಇಳಿಯಲು 22 ನಿಮಿಷ ಬೇಕಾದರೆ ಕೊನೆಯ ಬರೀ ನೀರು 22 ನಿಮಿಷ ಹೋಗಲೇಬೇಕು, ಇಲ್ಲದಿದ್ದರೆ ಗೊಬ್ಬರ ಪೈಪಿನಲ್ಲೇ ಉಳಿದು ಪಾಚಿ ಕಟ್ಟುತ್ತದೆ. ಅದೇ ದಿನ ಮೊದಲ, ನಡುವಿನ, ಕೊನೆಯ ಸಾಲುಗಳಲ್ಲಿ ಲೋಟ ಇಟ್ಟು ಹತ್ತು ನಿಮಿಷದ ನೀರು ಅಳೆಯಿರಿ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಡ್ರಿಪ್ ಸರಿ ಮಾಡಿ, ಆಮೇಲೆ ಗೊಬ್ಬರ.

ಮೊದಲ ಎರಡು ವಾರ ಯಂತ್ರ ಓಡುವಾಗ ಜೊತೆಗೇ ಇರಿ. ಬೇಕೆಂದೇ ನಡುವೆ ಮೋಟಾರು ಆಫ್ ಮಾಡಿ ಗೊಬ್ಬರ ನಿಲ್ಲುತ್ತದಾ ನೋಡಿ. ಆಮೇಲೆ ಪ್ರತಿ ಸಲ ಡ್ರಮ್ಮಿನಲ್ಲಿ ಎಷ್ಟು ಉಳಿಯಿತು ಅಂತ ಗೋಡೆ ಮೇಲೆ ಬರೆದಿಟ್ಟರೂ ಸಾಕು, ಏನಾದರೂ ಕೆಟ್ಟರೆ ಅದರಲ್ಲೇ ಮೊದಲು ಕಾಣುತ್ತದೆ. ಎಳೆಯುವ ಕೊಳವೆಯ ತುದಿಯ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಿರಿ, ಲ್ಯಾಟರಲ್ (ಸಾಲಿನುದ್ದಕ್ಕೂ ಹೋಗುವ ಡ್ರಿಪ್ ಪೈಪು) ತುದಿ ಬಿಚ್ಚಿ ಕೆಸರು ಹೊರಗೆ ಬಿಡಿ. ಇಸಿ, ಪಿಎಚ್ ಸೆನ್ಸರ್ ಇರುವವರು ತಿಂಗಳಿಗೆ ಎರಡು ಸಲ ಪಿಎಚ್ 4 ಮತ್ತು 7ರ ದ್ರಾವಣದಲ್ಲಿ, ಇಸಿ 1.413ರ ದ್ರಾವಣದಲ್ಲಿ ಅದ್ದಿ ಅಂಕಿ ಸರಿಯಿದೆಯಾ ನೋಡಬೇಕು. ಪಿಎಚ್ ಸೆನ್ಸರಿನ ತುದಿ ಒಣಗಿದರೆ ಕೆಡುತ್ತದೆ. ಬೆಳೆ ಮುಗಿದು ಹೊಲ ಖಾಲಿ ಬಿಟ್ಟಾಗಲೂ ಅದರ ದ್ರಾವಣ ಹಾಕಿದ ಮುಚ್ಚಳದಲ್ಲೇ ಇಡಿ.