ಒಣಗಿದ ಮೇಲೂ ಕದಡುವ ಮಣ್ಣು

ಮನಸ್ಸಿಗಾದ ಆಘಾತದ ಚಿತ್ರ ಅಂದ ಕೂಡಲೇ ಕೈ ಕೆಂಪು, ಕಪ್ಪು ಟ್ಯೂಬಿಗೆ ಹೋಗುತ್ತದೆ. ರಕ್ತ, ಬಾಯ್ತೆರೆದ ಮುಖ. ಎರಡನೇ ಹಾಳೆಗೇ ಅದು ಪೋಸ್ಟರ್ ಆಗಿಬಿಡುತ್ತದೆ. ನಡೆದದ್ದನ್ನು ನಾನು ಬರೆಯಲು ಹೋಗುವುದಿಲ್ಲ. ಮೈಯಲ್ಲಿ ಉಳಿದದ್ದನ್ನು ಬರೆಯುತ್ತೇನೆ: ಪಟಾಕಿ ಸದ್ದಿಗೆ ಬೆಚ್ಚುವುದು, ಎಲ್ಲಿ ಕೂತರೂ ಬಾಗಿಲ ಕಡೆಗೇ ಕಣ್ಣು, ಏನೂ ಅನಿಸದ ಮರಗಟ್ಟಿದ ದಿನಗಳು.

ಬಣ್ಣಕ್ಕೆ ನಮ್ಮ ಕೋಲಾರದ ಕೆಮ್ಮಣ್ಣೇ ಸಾಕು. ಬಕೆಟ್ ನೀರಿನಲ್ಲಿ ಕದಡಿ ಎರಡು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಪಂಚೆಯಲ್ಲಿ ಸೋಸಿಟ್ಟರೆ ಬೆಳಿಗ್ಗೆಗೆ ಬೆಣ್ಣೆಯಂಥ ಕೆಸರು. (ಕೆಜಿಎಫ್‌ನ ಸೈನೈಡ್ ಗುಡ್ಡದ ಬೂದುಪುಡಿ ಕಣ್ಣಿಗೆ ಚೆಂದ, ಮುಟ್ಟಬೇಡಿ, ಚಿನ್ನ ತೆಗೆದುಳಿದ ವಿಷದ ಕಸ ಅದು.) ಒಂದು ಪಾಲು ಜಾಲಿ ಮರದ ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ರಾತ್ರಿ ನೆನೆಸಿ ಸೋಸಿ. ಎರಡು ಚಮಚ ಕೆಸರಿಗೆ ಒಂದು ಚಮಚ ಗೋಂದು. ಕಡಿಮೆಯಾದರೆ ಬೆರಳಿಗೆ ಪುಡಿ ಹತ್ತುತ್ತದೆ, ಜಾಸ್ತಿಯಾದರೆ ಬಿರುಕುಬಿಟ್ಟು ಹಕ್ಕಳೆ ಏಳುತ್ತದೆ.

ಇದ್ದಿಲಿಗೆ ರೇಷ್ಮೆ ಬೆಳೆಗಾರರು ಸವರಿ ಬಿಸಾಕಿದ ಹಿಪ್ಪುನೇರಳೆ ಕಡ್ಡಿ. ಪೆನ್ಸಿಲ್ ದಪ್ಪದ್ದನ್ನು ಆರಿಸಿ, ಸಿಪ್ಪೆ ಸುಲಿದು ಒಣಗಿಸಿ, ತಗಡಿನ ಡಬ್ಬಿಗೆ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಒಂದು ಮೊಳೆತೂತು ಹೊಡೆದು ಒಲೆಗಿಡಿ. ತೂತಿನ ಹೊಗೆ ನಿಂತರೆ ಬೆಂದಿದೆ. ಆರುವ ಮೊದಲೇ ತೆರೆದರೆ ಗಾಳಿ ಹೊಕ್ಕು ಎಲ್ಲ ಬೂದಿ.

ಹಾಳೆ ದಪ್ಪದ್ದು, 300 ಜಿಎಸ್‌ಎಂ, ಎ3 ಅಳತೆ. ನಾಲ್ಕೂ ಅಂಚನ್ನು ಹಲಗೆಗೆ ಟೇಪ್ ಮಾಡಿ. ಮೊದಲು ಮಣ್ಣು, ಒಣಗಿದ ಮೇಲೆ ಇದ್ದಿಲು, ಅದರ ಮೇಲೆ ಬಿಳಿ ಪೋಸ್ಟರ್ ಬಣ್ಣ. ಕೆಲಸ ಇರುವುದೇ ಇಲ್ಲಿ. ಇದ್ದಿಲಿಗೆ ಫಿಕ್ಸೆಟಿವ್ (ಪುಡಿ ಕದಲದಂತೆ ಹಿಡಿಯುವ ಸ್ಪ್ರೇ) ಹೊಡೆಯಬೇಡಿ. ಗೋಂದು ಎಷ್ಟೇ ಒಣಗಿರಲಿ, ನೀರು ತಾಗಿದರೆ ಮತ್ತೆ ಕರಗುತ್ತದೆ. ಬಿಳಿ ಬಳಿಯುತ್ತಿದ್ದಂತೆ ಕೆಳಗಿನ ಕೆಂಪು, ಕಪ್ಪು ಎದ್ದು ಬಂದು ಬಿಳಿಯನ್ನು ಕೊಳೆ ಮಾಡುತ್ತವೆ. ಮತ್ತೆ ಬಳಿಯಿರಿ, ಮತ್ತೆ ಕೊಳೆ. ಮರಗಟ್ಟಿದ ದಿನದ ಬಣ್ಣ ನನಗೆ ಸಿಕ್ಕಿದ್ದು ಮೂರನೇ ಕೋಟಿನಲ್ಲಿ. ಆದರೆ ಒಂದೇ ಕಡೆ ನಾಲ್ಕೈದು ಸಲ ಕುಂಚ ಉಜ್ಜಬೇಡಿ, ಎಲ್ಲ ಬೆರೆತು ರಾಗಿಮುದ್ದೆ ಬಣ್ಣವಾಗುತ್ತದೆ. ಗೋಂದಿನ ಬದಲು ಫೆವಿಕಾಲ್ ಹಾಕಿದರೆ ಕೆಳಪದರ ಕದಲುವುದೇ ಇಲ್ಲ, ಹಾಗಾಗಿ ಈ ಕೆಲಸಕ್ಕೆ ಬೇಡ.

ಬಾಗಿಲು ಕಾಯುವ ಕಣ್ಣಿಗೆ ಹಾಳೆಯ ನಡುವನ್ನು ಖಾಲಿ ಬಿಟ್ಟು, ಗೆರೆಗಳನ್ನೆಲ್ಲ ಅಂಚಿನ ಎರಡು ಇಂಚಿನೊಳಗೆ ತುರುಕುತ್ತೇನೆ. ಬೆಚ್ಚುವುದಕ್ಕೆ ಕಡ್ಡಿ ಮುರಿಯುವಷ್ಟು ಒತ್ತಿ ಎಳೆಯಬೇಕು. ಮುರಿದಲ್ಲಿ ಬಿದ್ದ ಚೂರು, ಗೀರು ಹಾಗೇ ಇರಲಿ.

ಒಮ್ಮೆಗೆ 40 ನಿಮಿಷ, ಅಲಾರಂ ಇಟ್ಟು. ರಾತ್ರಿ ಮಲಗುವ ಹೊತ್ತಿಗೆ ಬೇಡವೇ ಬೇಡ. ಎದೆ ಡವಡವ ಅಂದರೆ, ಅಂಗೈ ಬೆವತರೆ ಹಾಳೆಯನ್ನು ಗೋಡೆಗೆ ತಿರುಗಿಸಿ. ತಣ್ಣೀರಲ್ಲಿ ಕೈ ತೊಳೆದು, ಅಂಗಾಲು ನೆಲಕ್ಕೂರಿ, ಎದುರಿಗಿರುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಿ. ಮೂರ್ನಾಲ್ಕು ದಿನ ನಿದ್ದೆ ಕೆಟ್ಟರೆ ಚಿತ್ರ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ತೂಗುಹಾಕುವುದಾದರೆ ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಅಂಚು ಕೊಡಿಸಿ. ಇಲ್ಲದಿದ್ದರೆ ಮಳೆಗಾಲದ ಥಂಡಿಗೆ ಗೋಂದು ಮೆತ್ತಗಾಗಿ ಚಿತ್ರ ಗಾಜಿಗೇ ಕಚ್ಚಿಕೊಳ್ಳುತ್ತದೆ.